ಹಂಗಾಮಿ ತರಬೇತುದಾರನಿಗೆ ಕಾಯಂ ಕುರ್ಚಿ ಸಲ್ಲಬೇಕೆ?

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸೆಪ್ಟೆಂಬರ್ ಕಳೆದು ಚಳಿ ಬೀಳುವ ಹೊತ್ತಿಗೆ ಒಂದು ಪ್ರಶ್ನೆ ವರ್ಷವರ್ಷವೂ ತಪ್ಪದೆ ಏಳುತ್ತದೆ. ಎಲ್ಲೋ ಒಂದು ಕಡೆ ಫುಟ್‌ಬಾಲ್ ತಂಡ ಸತತವಾಗಿ ಸೋಲುತ್ತದೆ. ಮುಖ್ಯ ತರಬೇತುದಾರನನ್ನು ಋತುವಿನ ನಡುವೆಯೇ ಮನೆಗೆ ಕಳುಹಿಸುತ್ತಾರೆ. ಅವನ ಸಹಾಯಕರಲ್ಲಿ ಒಬ್ಬನನ್ನು ಕರೆದು, ಉಳಿದ ಪಂದ್ಯಗಳನ್ನು ನೀನು ನೋಡಿಕೋ ಎನ್ನುತ್ತಾರೆ. ಅವನು ನಾಲ್ಕಾರು ಪಂದ್ಯ ಗೆದ್ದನೆಂದರೆ ಊರೆಲ್ಲ ಎರಡು ಪಕ್ಷವಾಗುತ್ತದೆ: ಇವನನ್ನೇ ಕಾಯಂ ಮಾಡಿ ಎನ್ನುವವರು ಒಂದು ಕಡೆ, ಹೊರಗಿನಿಂದ ಹೆಸರಾಂತನನ್ನು ತನ್ನಿ ಎನ್ನುವವರು ಇನ್ನೊಂದು ಕಡೆ.

ಈ ಮೇಷ್ಟರಿಗೂ ಅಮೆರಿಕದ ಫುಟ್‌ಬಾಲಿಗೂ ಏನು ಸಂಬಂಧವೆಂದು ನನ್ನ ಹಳೆಯ ವಿದ್ಯಾರ್ಥಿಗಳು ನಗಬಹುದು. ಮಗಳ ಸಂಸಾರ ಸೌತ್ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿದೆ. ಕ್ಲೆಮ್ಸನ್ ವಿಶ್ವವಿದ್ಯಾಲಯ ಅಲ್ಲಿಂದ ಕಾರಿನಲ್ಲಿ ಒಂದು ಗಂಟೆಯೊಳಗಿನ ದಾರಿ. ನಿವೃತ್ತನಾದ ಮೇಲೆ ಅಲ್ಲಿ ತಿಂಗಳುಗಟ್ಟಲೆ ಇದ್ದುಬಂದಾಗ, ಶನಿವಾರಗಳಲ್ಲಿ ಮೊಮ್ಮಗನ ಪಕ್ಕದಲ್ಲಿ ಕುಳಿತು ನೋಡುವುದನ್ನು ಬಿಟ್ಟರೆ ನನಗೆ ಬೇರೆ ಉದ್ಯೋಗವಿರಲಿಲ್ಲ. ನಾವು ಕಾಲ್ಚೆಂಡು ಎನ್ನುವ ಆಟ ಇದಲ್ಲ. ಚೆಂಡು ಮೊಟ್ಟೆಯಾಕಾರದ್ದು, ಹೆಚ್ಚಿನ ಹೊತ್ತು ಕೈಯಲ್ಲೇ ಇರುತ್ತದೆ, ಹುಡುಗರು ತಲೆಗೆ ಶಿರಸ್ತ್ರಾಣ ತೊಟ್ಟು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಆಟ ನನಗೆ ಇಂದಿಗೂ ಅರ್ಧಂಬರ್ಧ ಅರ್ಥವಾಗುತ್ತದೆ. ಅರ್ಥವಾಗುವುದು ಅಂಚಿನಲ್ಲಿ ನಿಂತ ಆ ಮನುಷ್ಯನ ಪಾಡು. ಆಡುವವರು ಹದಿನೆಂಟರಿಂದ ಇಪ್ಪತ್ತೆರಡರ ವಿದ್ಯಾರ್ಥಿಗಳು. ಅವನು, ಏನೇ ಹೇಳಿ, ಒಬ್ಬ ಮೇಷ್ಟರು. ಸಂಬಳದಲ್ಲಿ ಮಾತ್ರ ನಮ್ಮ ಜಾತಿಯವನಲ್ಲ. ಅಲ್ಲಿನ ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ನೌಕರರ ಪೈಕಿ ಅತಿ ಹೆಚ್ಚು ವೇತನ ಪಡೆಯುವವನು ರಾಜ್ಯಪಾಲನಲ್ಲ, ವಿಶ್ವವಿದ್ಯಾಲಯದ ಫುಟ್‌ಬಾಲ್ ತರಬೇತುದಾರ!

2020ರ ಜನವರಿ 13ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ರಾಷ್ಟ್ರೀಯ ಪ್ರಶಸ್ತಿಯ ಅಂತಿಮ ಪಂದ್ಯ ನಡೆಯಿತು. ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯ 42, ಕ್ಲೆಮ್ಸನ್ 25. ನಮ್ಮ ಮನೆಯಲ್ಲಿ ಅಂದು ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೊಮ್ಮಗ ಪಂದ್ಯದ ನಡುವೆ ಹೇಳಿದ ಒಂದು ಸಂಗತಿ. "ತಾತ, ಇಬ್ಬರು ಕೋಚ್‌ಗಳೂ ಮೊದಲು ಇಂಟರಿಮ್ ಆಗಿದ್ದವರೇ" ಎಂದ. ಅಂದರೆ ಇಬ್ಬರೂ ಆಯಾ ವಿಶ್ವವಿದ್ಯಾಲಯದಲ್ಲಿ ಮುಖ್ಯ ತರಬೇತುದಾರನಾಗಿ ಮೊದಲು ಕುಳಿತದ್ದು ಹಂಗಾಮಿ ಕುರ್ಚಿಯಲ್ಲಿ. ದೇಶದ ಅತ್ಯುತ್ತಮ ಎರಡು ತಂಡಗಳ ಮುಖ್ಯಸ್ಥರು, ಒಂದು ಕಾಲಕ್ಕೆ "ಸದ್ಯಕ್ಕೆ ನೋಡಿಕೋ" ಎನ್ನಿಸಿಕೊಂಡವರು.

ಕ್ಲೆಮ್ಸನ್‌ನ ಡಾಬೊ ಸ್ವಿನ್ನಿಯ ಕಥೆ 2008ರದು. ಅಕ್ಟೋಬರ್ 13ರಂದು ಟಾಮಿ ಬೌಡನ್ ಹುದ್ದೆ ತ್ಯಜಿಸಿದಾಗ ತಂಡ ಮೂರು ಗೆದ್ದು ಮೂರು ಸೋತಿತ್ತು. ಕ್ರೀಡಾ ನಿರ್ದೇಶಕ ಟೆರಿ ಡಾನ್ ಫಿಲಿಪ್ಸ್ ಆರಿಸಿದ್ದು 38 ವರ್ಷದ ಒಬ್ಬ ಸಹಾಯಕನನ್ನು. ಒಂದು ತಂಡದ ಆಕ್ರಮಣ ವಿಭಾಗವನ್ನಾಗಲಿ ರಕ್ಷಣಾ ವಿಭಾಗವನ್ನಾಗಲಿ ಅವನು ಅದುವರೆಗೆ ಮುನ್ನಡೆಸಿದವನಲ್ಲ. ಕ್ಲೆಮ್ಸನ್‌ಗೆ ಬರುವ ಮೊದಲು ಕೆಲಕಾಲ ಆಟದ ಲೋಕವನ್ನೇ ಬಿಟ್ಟು ವಾಣಿಜ್ಯ ಕಟ್ಟಡಗಳ ವ್ಯವಹಾರದಲ್ಲಿದ್ದವನು. ಮೊದಲ ಪಂದ್ಯ ಸೋತ. ಕೊನೆಗೆ ಲೆಕ್ಕ ಹಾಕಿದರೆ ನಾಲ್ಕು ಗೆಲುವು, ಮೂರು ಸೋಲು. ಇದರಲ್ಲಿ ಹೆಮ್ಮೆಪಡುವಂಥದ್ದೇನೂ ಇಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹೇಗೋ ತೇರ್ಗಡೆ.

ಆದರೆ ಅಂಕಪಟ್ಟಿಯಲ್ಲಿ ಕಾಣದ ಒಂದು ಸಂಗತಿಯಿದೆ. ಹಂಗಾಮಿಯಾಗಿ ನೇಮಕಗೊಂಡ ಕೂಡಲೇ ಸ್ವಿನ್ನಿ ಮಾಡಿದ ಕೆಲಸಗಳಲ್ಲೊಂದು, ಆಕ್ರಮಣ ವಿಭಾಗದ ಮುಖ್ಯಸ್ಥನನ್ನು ಹುದ್ದೆಯಿಂದ ಬಿಡುಗಡೆ ಮಾಡಿದ್ದು. ಪ್ರಭಾರದಲ್ಲಿ ಕುಳಿತವನು ಸಾಮಾನ್ಯವಾಗಿ ಇದ್ದುದನ್ನು ಇದ್ದಂತೆ ಕಾಯುತ್ತಾನೆ. ನಾಳೆ ಬರುವವನು ಏನೆಂದಾನೋ ಎಂಬ ಅಳುಕು. ಸ್ವಿನ್ನಿ ಮಾತ್ರ ಮುಂದಿನ ವರ್ಷವೂ ತಾನೇ ಉತ್ತರ ಹೇಳಬೇಕಾದವನಂತೆ ನಡೆದುಕೊಂಡ. ಪಂದ್ಯಕ್ಕೆ ಮೊದಲು ಆಟಗಾರರು ಅಭಿಮಾನಿಗಳ ನಡುವೆ ನಡೆದುಕೊಂಡೇ ಕ್ರೀಡಾಂಗಣಕ್ಕೆ ಬರುವ ಏರ್ಪಾಟು ಮಾಡಿದ. ಫಿಲಿಪ್ಸ್ ಹುಡುಗರೊಡನೆ ಅವನ ಒಡನಾಟವನ್ನು ಅದಕ್ಕೂ ಮೊದಲೇ ಗಮನಿಸಿದ್ದರಂತೆ. ಡಿಸೆಂಬರ್ 1ರಂದು ಕಾಯಂ ಮಾಡಿದರು. 2010ರಲ್ಲಿ ತಂಡ ಆರು ಗೆದ್ದು ಏಳು ಸೋತಾಗ ಸ್ವಿನ್ನಿಗೆ ತನ್ನ ಕೆಲಸ ಹೋಯಿತೆಂದೇ ಅನ್ನಿಸಿತ್ತು. ಫಿಲಿಪ್ಸ್ ಅವನ ಕೊಠಡಿಗೇ ಹೋಗಿ, ತನ್ನ ನಂಬಿಕೆ ಹಾಗೆಯೇ ಇದೆ ಎಂದು ಹೇಳಿದರು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ದೊಡ್ಡ ಘಟನೆ ಅದೇ. 2017ರ ಮತ್ತು 2019ರ ಜನವರಿಗಳಲ್ಲಿ ಬಂದ ಎರಡು ರಾಷ್ಟ್ರೀಯ ಪ್ರಶಸ್ತಿಗಳಿಗಿಂತಲೂ ದೊಡ್ಡದು.

ಆ ರಾತ್ರಿಯ ಇನ್ನೊಬ್ಬ ಮನುಷ್ಯ ಎಡ್ ಓರ್ಜರಾನ್. ಲೂಯಿಸಿಯಾನದ ಜೌಗು ಸೀಮೆಯವರು. ಹಂಚಿನ ಮೇಲೆ ಜಲ್ಲಿ ಸುರಿದಂಥ ಕಂಠ. ಮೊಮ್ಮಗ ಅಕ್ಷರಗಳನ್ನು ತೆರೆಯ ಮೇಲೆ ಹಾಕಿಕೊಟ್ಟ ಮೇಲೆಯೇ ಅವರ ಮಾತು ನನಗೆ ತಿಳಿದದ್ದು. 2005ರಿಂದ 2007ರವರೆಗೆ ಮಿಸಿಸಿಪಿ ವಿಶ್ವವಿದ್ಯಾಲಯದಲ್ಲಿ ಮುಖ್ಯ ತರಬೇತುದಾರರಾಗಿದ್ದು ಹತ್ತು ಗೆದ್ದು ಇಪ್ಪತ್ತೈದು ಸೋತು ಹೊರಬಿದ್ದವರು. 2013ರ ಸೆಪ್ಟೆಂಬರಿನಲ್ಲಿ ಲಾಸ್ ಏಂಜಲೀಸಿನ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ತನ್ನ ಮುಖ್ಯ ತರಬೇತುದಾರ ಲೇನ್ ಕಿಫಿನ್‌ರನ್ನು, ತಂಡ ಸೋತು ಮರಳಿದ ನಡುರಾತ್ರಿ ವಿಮಾನ ನಿಲ್ದಾಣದಲ್ಲೇ ವಜಾ ಮಾಡಿತು. ಹೊಣೆ ಓರ್ಜರಾನ್ ಪಾಲಿಗೆ ಬಂತು. ಅದಕ್ಕೂ ಹಿಂದಿನ ಶಿಸ್ತುಕ್ರಮದಿಂದಾಗಿ ಆ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನದ ಆಟಗಾರರ ಸಂಖ್ಯೆಯೇ ಕಡಿತಗೊಂಡಿತ್ತು. ಅವರ ಮೊದಲ ಸುಧಾರಣೆ ಏನು ಗೊತ್ತೆ? ಹುಡುಗರ ಊಟದ ಮೇಜಿಗೆ ಸಿಹಿತಿಂಡಿಗಳು ಮರಳಿ ಬಂದವು. ಹಾಸ್ಟೆಲ್ಲಿನ ಹುಡುಗರನ್ನು ನೋಡಿಕೊಂಡ ಯಾವ ಮೇಷ್ಟರೂ ಇದನ್ನು ಕ್ಷುಲ್ಲಕವೆನ್ನಲಾರರು. ಎಂಟು ಪಂದ್ಯಗಳಲ್ಲಿ ಆರು ಗೆದ್ದರು. ನವೆಂಬರಿನಲ್ಲಿ ಬಲಿಷ್ಠ ಸ್ಟ್ಯಾನ್‌ಫರ್ಡ್ ತಂಡವನ್ನು 20–17ರಿಂದ ಸೋಲಿಸಿದಾಗ ಜನ ಮೈದಾನಕ್ಕೇ ನುಗ್ಗಿದರು.

ಸೋತ ಎರಡು ಪಂದ್ಯಗಳು ಮಾತ್ರ ಸೋಲಬಾರದಂಥವು: ನೋಟರ್ ಡೇಮ್ ಮತ್ತು ಅದೇ ಊರಿನ ಯುಸಿಎಲ್ಎ, ಎರಡೂ ಹಳೆಯ ಎದುರಾಳಿಗಳು. ಡಿಸೆಂಬರ್ 2ರಂದು ಹುದ್ದೆ ಸ್ಟೀವ್ ಸಾರ್ಕೀಸಿಯನ್‌ಗೆ ಹೋಯಿತು. ಓರ್ಜರಾನ್ ಅಂದೇ ಹುಡುಗರಿಗೆ ವಿದಾಯ ಹೇಳಿ ಹೊರಟುಬಿಟ್ಟರು. ಉಳಿದ ಒಂದು ಪಂದ್ಯಕ್ಕೂ ನಿಲ್ಲಲಿಲ್ಲ.

ಇಲ್ಲಿ ನನ್ನದೂ ಒಂದು ಮಾತಿದೆ. ಇದನ್ನು ಓದುತ್ತಿರುವವರಲ್ಲಿ ಕೆಲವರಿಗೆ ನೆನಪಿರಬಹುದು, ನಾನು ಹದಿನಾಲ್ಕು ತಿಂಗಳು ಪ್ರಭಾರಿ ಮುಖ್ಯೋಪಾಧ್ಯಾಯನಾಗಿದ್ದೆ. ಶಾಲೆಯ ಹೆಸರು ಬೇಡ. ಗಣಿತದ ತರಗತಿಗಳನ್ನೂ ಬಿಡುವಂತಿರಲಿಲ್ಲ. ಬಿಸಿಯೂಟದ ಅಕ್ಕಿಯ ಲೆಕ್ಕ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ನಾಮಾವಳಿ, ಸೋರುವ ಕೊಠಡಿಯ ದುರಸ್ತಿ, ಎಲ್ಲವೂ ಆ ಒಂದೇ ಮೇಜಿನ ಮೇಲೆ. ಖಾಯಂ ಮುಖ್ಯೋಪಾಧ್ಯಾಯರ ಆದೇಶ ಬಂದದ್ದು ಒಂದು ಸೋಮವಾರ. ಟಪಾಲು ತಂದ ಜವಾನನೇ ನನಗೆ ಸುದ್ದಿ ಹೇಳಿದ. ಮೇಲಿನವರು ಒಂದು ಮಾತನ್ನೂ ತಿಳಿಸಿರಲಿಲ್ಲ. ಬಂದವರು ಒಳ್ಳೆಯವರೇ, ಜ್ಯೇಷ್ಠತೆಯಲ್ಲಿ ನನಗಿಂತ ಮೇಲಿನವರು, ಅವರೊಡನೆ ಐದು ವರ್ಷ ಸಂತೋಷದಿಂದ ಕೆಲಸ ಮಾಡಿದೆ. ಆದರೂ ಬೀರುವಿನ ಬೀಗದ ಕೈಗೊಂಚಲನ್ನು ಅವರ ಕೈಗಿಟ್ಟ ಆ ಮಧ್ಯಾಹ್ನವನ್ನು ಮರೆತೆನೆಂದರೆ ಸುಳ್ಳಾಗುತ್ತದೆ. ಆದ್ದರಿಂದ ಓರ್ಜರಾನ್ ಹೊರಟುಹೋದದ್ದು ಸರಿಯೇ ತಪ್ಪೇ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಅದು ಅವರವರ ಸೈರಣೆ.

ಸರ್ಕಾರಿ ಶಾಲೆಯಲ್ಲಿ ಕನಿಷ್ಠ ಪಕ್ಷ ಜ್ಯೇಷ್ಠತಾ ಪಟ್ಟಿ ಎಂಬುದೊಂದಿದೆ. ಮನಸ್ಸಿಗೆ ಒಪ್ಪದಿದ್ದರೂ ಓದಿ ತಿಳಿಯಬಹುದು. ಅಮೆರಿಕದಲ್ಲಿ ಪಟ್ಟಿಯಿಲ್ಲ. ಅಲ್ಲಿ ಇರುವುದು ದಾತರು, ಪತ್ರಿಕೆಗಳು ಮತ್ತು ಅವಸರ. ಮುಂದಿನ ವರ್ಷಕ್ಕೆ ಬರುವ ಪ್ರೌಢಶಾಲಾ ಹುಡುಗರು ಡಿಸೆಂಬರಿನಲ್ಲೇ ಸಹಿ ಹಾಕುವ ಪದ್ಧತಿ 2017ರಿಂದ ಬಂದಿದೆ. ಇರುವ ಆಟಗಾರರೂ ತರಬೇತುದಾರ ಬದಲಾದರೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಬಹುದು. ಹಂಗಾಮಿಯವನು ಅವರಿಗೆ ಯಾವ ಭರವಸೆ ಕೊಡಬಲ್ಲ? ತಾನೇ ಇರುತ್ತೇನೋ ಇಲ್ಲವೋ ತಿಳಿಯದವನು, ನೀವು ಇರಿ ಎಂದು ಹೇಳಬೇಕು. ಕೈಕಟ್ಟಿ ಈಜಲು ಬಿಟ್ಟು ದಡದಲ್ಲಿ ನಿಂತು ಅಂಕ ಹಾಕುವ ಪರೀಕ್ಷೆಯಿದು.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಹಂಗಾಮಿಯ ಗೆಲುವುಗಳಲ್ಲಿ ಒಂದು ಪಾಲು ಅವನದಲ್ಲ. ಬಿಗಿಯಾದ ಮೇಷ್ಟರು ರಜೆ ಹಾಕಿದ ದಿನ ತರಗತಿಯಲ್ಲಿ ಹುಟ್ಟುವ ಉಲ್ಲಾಸವನ್ನು ನೋಡಿದವರಿಗೆ ಇದು ತಿಳಿಯುತ್ತದೆ. ಕೆಲವು ವಾರ ಹುಡುಗರು ರೆಕ್ಕೆ ಬಂದವರಂತೆ ಆಡುತ್ತಾರೆ, ನಿರೀಕ್ಷೆಯೂ ಕಡಿಮೆ. ಆ ಉಲ್ಲಾಸ ಎರಡನೆಯ ವರ್ಷಕ್ಕೆ ಉಳಿಯುವುದಿಲ್ಲ. ಹಾಗಾಗಿ ಆರು ಗೆಲುವು, ಎರಡು ಸೋಲು ಎಂಬ ಲೆಕ್ಕವನ್ನು ಹಿಡಿದು ಇವನೇ ಅರ್ಹನೆನ್ನುವ ಅಭಿಮಾನಿಯ ವಾದವನ್ನೂ ನಾನು ಒಪ್ಪಲಾರೆ. ಸ್ವಿನ್ನಿ ಕೊಟ್ಟದ್ದು ಅದಕ್ಕಿಂತ ಕಳಪೆ ಲೆಕ್ಕ. ನಾನು ಆಯ್ಕೆ ಸಮಿತಿಯಲ್ಲಿದ್ದರೆ ಎರಡೇ ನೋಡುತ್ತಿದ್ದೆ: ಎರವಲು ಕುರ್ಚಿಯಲ್ಲಿ ಕುಳಿತು ನಾಳೆಯ ಕೆಲಸಕ್ಕೆ ಕೈಹಾಕಿದನೇ? ತನಗೆ ಬಾರದ್ದನ್ನು ಯಾರಿಂದ ತರಿಸಿಕೊಳ್ಳುತ್ತಾನೆಂದು ಅವನಿಗೆ ತಿಳಿದಿದೆಯೇ?

ಎರಡನೆಯದಕ್ಕೆ ಓರ್ಜರಾನ್‌ಗಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ. 2016ರ ಸೆಪ್ಟೆಂಬರಿನಲ್ಲಿ ಲೂಯಿಸಿಯಾನ ಸ್ಟೇಟ್ ತನ್ನ ತರಬೇತುದಾರ ಲೆಸ್ ಮೈಲ್ಸ್‌ರನ್ನು ತೆಗೆದಾಗ ಅವರು ಮತ್ತೊಮ್ಮೆ ಹಂಗಾಮಿಯಾದರು, ಈ ಸಲ ತಮ್ಮದೇ ನಾಡಿನಲ್ಲಿ. ಐದು ಗೆಲುವು, ಎರಡು ಸೋಲು. ವಿಶ್ವವಿದ್ಯಾಲಯದ ಕಣ್ಣಿದ್ದದ್ದು ಹೂಸ್ಟನ್ನಿನ ಟಾಮ್ ಹರ್ಮನ್ ಮೇಲೆ. ಹರ್ಮನ್ ಟೆಕ್ಸಸ್ ಕಡೆ ಹೊರಟ ದಿನವೇ, ನವೆಂಬರ್ 26ರಂದು, ಓರ್ಜರಾನ್‌ರನ್ನು ಕಾಯಂ ಮಾಡಿದರು. ಎರಡನೆಯ ಆಯ್ಕೆಯ ವರ! ಮುಂದೆ ಅವರು ಓಹಾಯೋ ಸ್ಟೇಟ್‌ನಲ್ಲಿ ಆಡಲು ಅವಕಾಶ ಸಿಗದೆ ಕುಳಿತಿದ್ದ ಜೋ ಬರೊ ಎಂಬ ಹುಡುಗನನ್ನು ಕರೆತಂದರು. ಚೆಂಡನ್ನು ಗಾಳಿಯಲ್ಲಿ ಎಸೆದಾಡುವ ಹೊಸ ವಿದ್ಯೆ ಕಲಿಸಲು ವೃತ್ತಿಪರ ತಂಡವೊಂದರಿಂದ ಮೂವತ್ತೂ ತುಂಬದ ಜೋ ಬ್ರೇಡಿಯನ್ನು ತಂದರು. ಸ್ವತಃ ರಕ್ಷಣಾ ಪಂಕ್ತಿಯ ತರಬೇತಿಯಲ್ಲಿ ಬೆಳೆದವರು, ತನಗೆ ತಿಳಿಯದ ವಿದ್ಯೆಯನ್ನು ಇಷ್ಟು ಚಿಕ್ಕವನ ಕೈಗೊಪ್ಪಿಸಿದರು. 2019ರ ಋತುವಿನಲ್ಲಿ ಹದಿನೈದು ಪಂದ್ಯ, ಹದಿನೈದು ಗೆಲುವು.

ಬರೊ, ಬ್ರೇಡಿ ಇಬ್ಬರೂ ಹೊರಟುಹೋದ ಮೇಲೆ 2020ರಲ್ಲಿ ಐದು ಗೆಲುವು, ಐದು ಸೋಲು. 2021ರ ಅಕ್ಟೋಬರಿನಲ್ಲಿ, ಋತು ಮುಗಿದ ಮೇಲೆ ಓರ್ಜರಾನ್ ಮುಂದುವರಿಯುವುದಿಲ್ಲವೆಂದು ಪ್ರಕಟವಾಯಿತು. ನೋಡಿದಿರಾ, ಆತ ಹಂಗಾಮಿಗೇ ಸೈ ಎಂದು ಆಗ ಹೇಳಿದವರಿದ್ದರು. ಆ ತರ್ಕ ನನಗೆ ಹಿಡಿಸಲಿಲ್ಲ. ಐದು ವರ್ಷದ ಬಳಿಕ ಬತ್ತಿದ ಬಾವಿಯನ್ನು ಅಗೆಯಲೇಬಾರದಿತ್ತು ಎನ್ನುವುದಾದರೆ, ನಡುವೆ ಕುಡಿದ ನೀರಿಗೆ ಏನು ಹೇಳೋಣ? ಅತ್ತ ಲಾಸ್ ಏಂಜಲೀಸಿನಲ್ಲಿ ಆರಿಸಿ ತಂದ ಸಾರ್ಕೀಸಿಯನ್ 2015ರ ಅಕ್ಟೋಬರಿನಲ್ಲೇ ಹುದ್ದೆ ಕಳೆದುಕೊಂಡಿದ್ದರು. ಅಲ್ಲಿ ಮತ್ತೊಬ್ಬ ಹಂಗಾಮಿ ಬಂದ, ಕ್ಲೇ ಹೆಲ್ಟನ್. ಈ ಸಲ ಅವನನ್ನು ಕಾಯಂ ಮಾಡಿದರು. 2021ರ ಸೆಪ್ಟೆಂಬರಿನಲ್ಲಿ ಅವನನ್ನೂ ತೆಗೆದರು.

ಈಗ ಕ್ಲೆಮ್ಸನ್‌ನಲ್ಲೇ ಓದುತ್ತಿರುವ ಮೊಮ್ಮಗ ಕಳೆದ ತಿಂಗಳು ದೂರವಾಣಿಯಲ್ಲಿ ನನ್ನ ವಾದವನ್ನು ಕೇಳಿಸಿಕೊಂಡು, "ಹಾಗಾದರೆ ತಾತ, ಫಿಕೆಲ್ ವಿಷಯದಲ್ಲಿ ಏನು ಹೇಳುತ್ತೀರಿ?" ಎಂದು ನನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಿದ. ಲೂಕ್ ಫಿಕೆಲ್ 2011ರಲ್ಲಿ ಓಹಾಯೋ ಸ್ಟೇಟ್‌ನ ಹಂಗಾಮಿ. ಆರು ಗೆದ್ದು ಏಳು ಸೋತರು. ಕುರ್ಚಿ ಅರ್ಬನ್ ಮೈಯರ್‌ಗೆ ಹೋಯಿತು. ಫಿಕೆಲ್ ಮುನಿಸಿಕೊಳ್ಳದೆ ಅದೇ ಮೈಯರ್ ಕೈಕೆಳಗೆ ಸಹಾಯಕರಾಗಿ ದುಡಿದರು. ಆಮೇಲೆ ಸಿನ್ಸಿನಾಟಿಗೆ ಹೋಗಿ, 2021ರಲ್ಲಿ ಆ ಸಣ್ಣ ಕೂಟದ ತಂಡವನ್ನು ದೇಶದ ಕೊನೆಯ ನಾಲ್ಕರ ಘಟ್ಟಕ್ಕೆ ಕೊಂಡೊಯ್ದರು. ಅಂಥ ಕೂಟದಿಂದ ಬೇರೆ ಯಾವ ತಂಡವೂ ಅಲ್ಲಿಯವರೆಗೆ ಆ ಮೆಟ್ಟಿಲೇರಿರಲಿಲ್ಲ. ಅವರ ಸಂಗತಿಯಲ್ಲಿ ತಿರಸ್ಕಾರವೇ ಪಾಠಶಾಲೆಯಾಯಿತೆಂದು ಒಪ್ಪುತ್ತೇನೆ.

ಆದರೆ ಮುಂದಿನದನ್ನು ಕೇಳಿ. 2022ರ ಅಕ್ಟೋಬರಿನಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ತನ್ನ ತರಬೇತುದಾರನನ್ನು ತೆಗೆದು ಜಿಮ್ ಲಿಯನ್‌ಹಾರ್ಡ್ ಎಂಬುವರನ್ನು ಹಂಗಾಮಿ ಮಾಡಿತು. ಅದೇ ರಾಜ್ಯದ ಮಗ, ಅದೇ ತಂಡದಲ್ಲಿ ಆಡಿ ಬೆಳೆದವರು. ನಾಲ್ಕು ಗೆಲುವು, ಮೂರು ಸೋಲು, ಸ್ವಿನ್ನಿಯ ಲೆಕ್ಕವೇ. ಆಟಗಾರರು ಅವರೇ ಇರಲೆಂದು ಬಯಸಿದರು. ನವೆಂಬರಿನ ಕೊನೆಯಲ್ಲಿ ಕುರ್ಚಿ ಕೊಟ್ಟದ್ದು ಮಾತ್ರ ಹೊರಗಿನಿಂದ ಬಂದ ಲೂಕ್ ಫಿಕೆಲ್‌ಗೆ. ಹನ್ನೊಂದು ವರ್ಷದ ಹಿಂದೆ ತಾನು ನಿಂತಿದ್ದ ಜಾಗದಲ್ಲಿ ನಿಂತಿದ್ದ ಮನುಷ್ಯನನ್ನು ದಾಟಿ ಫಿಕೆಲ್ ಒಳಗೆ ಹೋದರು. 2024ರಲ್ಲಿ ಅವರ ತಂಡ ಐದು ಗೆದ್ದು ಏಳು ಸೋತಿತು. ಎರಡು ದಶಕಗಳಿಗೂ ಮೀರಿ ತಪ್ಪದೆ ಆಡುತ್ತ ಬಂದಿದ್ದ ಋತುವಿನ ಕೊನೆಯ ಗೌರವಪಂದ್ಯ ಆ ವರ್ಷ ತಪ್ಪಿತು. ಲಿಯನ್‌ಹಾರ್ಡ್ ಇದ್ದಿದ್ದರೆ ಇನ್ನೂ ಮೇಲಾಗುತ್ತಿತ್ತೆಂದು ಯಾರೂ ಸಾಧಿಸಲಾರರು. ಅವರು ಹೊಸಬರ ಅಡಿಯಲ್ಲಿ ಆ ಋತುವಿನ ಕೊನೆಯ ಪಂದ್ಯದವರೆಗೂ ತಮ್ಮ ರಕ್ಷಣಾ ವಿಭಾಗವನ್ನು ನಡೆಸಿಕೊಟ್ಟು, ಆಮೇಲೆ ವಿಸ್ಕಾನ್ಸಿನ್ ಬಿಟ್ಟರು. 2024ರಲ್ಲಿ ಡೆನ್ವರ್ ಬ್ರಾಂಕೋಸ್ ಎಂಬ ವೃತ್ತಿಪರ ತಂಡದಲ್ಲಿ ಸಹಾಯಕ ತರಬೇತುದಾರರಾಗಿ ಸೇರಿಕೊಂಡರು.