ಗುಡ್ಡಕ್ಕೆ ಹೊರಟವರ ಗಂಟು

ದೊಡವಾಡದ ಕಡೆ ‘ಗುಡ್ಡಕ್ಕ ಹೊಂಟೇವಿ’ ಅಂದರೆ ಯಾವ ಗುಡ್ಡ ಅಂತ ಯಾರೂ ಕೇಳುವುದಿಲ್ಲ. ಸವದತ್ತಿ ಯಲ್ಲಮ್ಮನ ಗುಡ್ಡವೇ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂದರೆ ಚಕ್ಕಡಿ ಹೂಡುವವರು ಈಗಲೂ ಇದ್ದಾರೆ. ಬಯಲಲ್ಲಿ ರಾತ್ರಿ ಕಳೆಯಲು ಏನೇನು ಬೇಕೆಂಬುದನ್ನು ಅವರಿಂದಲೇ ಕಲಿಯಬೇಕು.

ಬುತ್ತಿಯನ್ನೇ ನೋಡಿ. ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚಿ ಬಡಿದು, ಬೇಯಿಸಿ, ಒಲೆಯ ಬದಿಗೆ ಆನಿಸಿಟ್ಟು ಕಟಕಟ ಅನ್ನುವವರೆಗೆ ಒಣಗಿಸುತ್ತಾರೆ. ಪಸೆ ಆರಿತೆಂದರೆ ಬೂಸ್ಟು ಹಿಡಿಯುವ ಮಾತಿಲ್ಲ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಬೆಲ್ಲದ ಮಾದಲಿ. ಮೊಸರನ್ನವನ್ನು ಮೊದಲ ಹೊತ್ತಿಗೇ ಉಂಡು ಮುಗಿಸಬೇಕು.

ಬುತ್ತಿಗಿಂತ ನನಗೆ ಹಿಡಿಸುವುದು ಚಕ್ಕಡಿಯ ಉಳಿದ ಸಾಮಾನು. ಕೀಲೆಣ್ಣೆ, ಗಾಲಿ ಕಳಚದಂತೆ ತಡೆಯುವ ಕಡಾಣಿ ಇನ್ನೊಂದು, ಹಗ್ಗ, ಕಂಬಳಿ, ಎತ್ತಿಗೆ ಕಣಿಕಿ, ಹಿಂಡಿ. ತಮ್ಮ ಹಸಿವಿನ ಜೊತೆಗೇ ಎತ್ತಿನ ಹಸಿವು, ಗಾಲಿಯ ಸವೆತ ಎಲ್ಲವೂ ಅವರ ಲೆಕ್ಕದಲ್ಲಿರುತ್ತವೆ. ಮಳೆಗಾಲದಲ್ಲಿ ಸೊಗಲದ ಜಲಪಾತ ನೋಡಲು ಬೈಕ್ ಏರುವ ಹುಡುಗರ ಚೀಲದಲ್ಲಿ ನಾನು ಹುಡುಕುವುದೂ ಇದನ್ನೇ: ಪಂಕ್ಚರ್ ಸಾಮಾನು ಇದೆಯೇ, ಟಾರ್ಚು ಇದೆಯೇ, ಜಾರಿ ಬಿದ್ದವನಿಗೆ ಕಟ್ಟಲು ಪಟ್ಟಿ ಇದೆಯೇ?

ಹಳೆಯದರಲ್ಲಿ ಬಿಡಬೇಕಾದದ್ದೂ ಒಂದಿದೆ. ಹಾವು ಕಡಿದರೆ ಬಿಗಿಯಲು ದಾರ, ಕೊಯ್ಯಲು ಬ್ಲೇಡು ಇಟ್ಟುಕೊಳ್ಳುವುದು. ಬಿಗಿದರೆ ರಕ್ತ ಹರಿಯದೆ ಕಾಲೇ ಕೆಟ್ಟೀತು; ಕೊಯ್ದರೆ ಹೋಗುವುದು ರಕ್ತ, ವಿಷವಲ್ಲ. ಕಡಿಸಿಕೊಂಡವರನ್ನು ನಡೆಸಬಾರದು. ಕಾಲು ಅಲುಗದಂತೆ ಕೋಲು ಕೊಟ್ಟು ಸಡಿಲಾಗಿ ಕಟ್ಟಿ, 108ಕ್ಕೆ ಫೋನ್ ಮಾಡಿ, ಸೀದಾ ಆಸ್ಪತ್ರೆಗೆ ಒಯ್ಯಬೇಕು. ಚುಚ್ಚುಮದ್ದು ಸಿಗುವುದು ಅಲ್ಲಿಯೇ.

ಹೊಸದಾಗಿ ಸೇರಬೇಕಾದದ್ದು ಬಹಳವೇನಿಲ್ಲ. ಒಂದು ಸೀಟಿ ಇರಲಿ. ಕೂಗಿ ಕೂಗಿ ಗಂಟಲು ಕಟ್ಟಿದ ಮೇಲೂ ಅದು ಕೇಳಿಸುತ್ತದೆ, ಮೂರು ಸಲ ಊದಿದರೆ ಆಪತ್ತಿನ ಸೂಚನೆ. ಓಆರ್‌ಎಸ್ ಪೊಟ್ಟಣ ಇರಲಿ. ಅದಿಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಮಾತ್ರ ಹೆಚ್ಚಾಗಬಾರದು.

ಹುಣ್ಣಿಮೆಯ ಗದ್ದಲದಲ್ಲಿ ಕೈತಪ್ಪುವವರು ಮಕ್ಕಳು. ಪುಟ್ಟ ಮಗುವಿಗೆ ‘ಅಪ್ಪಾ’, ‘ಅವ್ವಾ’ ಬಿಟ್ಟು ಬೇರೆ ಹೆಸರು ಹೇಳಲು ಬರದು. ಊರು, ತಂದೆತಾಯಿಯ ಹೆಸರು, ಎರಡು ಫೋನ್ ನಂಬರು ಬರೆದ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅದರ ಕಿಸೆಗೆ ಹಾಕಿ, ಪಿನ್ನು ಚುಚ್ಚಿಡಿ. ಗುಡ್ಡದ ಎಣ್ಣೆಹೊಂಡದ ನೀರಲ್ಲಿ ಮೀಯಿಸಿ ಬಟ್ಟೆ ಬದಲಿಸಿದಾಗ ಆ ಚೀಟಿ ಹೊಸ ಅಂಗಿಗೂ ಬರಬೇಕು.