ಪೇತ್ರನ ಮಾತಿನ ಧಾಟಿ

ನಾಗಸಂದ್ರ ನಿಲ್ದಾಣ ಬಿಟ್ಟು ಮಾದಾವರದತ್ತ ಹೊರಟ ಮೆಟ್ರೊ ಸದ್ದು ಕಿಟಕಿಯಿಂದ ಒಳಗೆ ಬರುತ್ತಿದೆ. 2024ರ ನವೆಂಬರಿನವರೆಗೂ ಹಸಿರು ಮಾರ್ಗ ಇಲ್ಲಿಗೇ ಮುಗಿಯುತ್ತಿತ್ತು. ನೀವು ಚಪ್ಪಲಿ ಬಿಟ್ಟು, ಮೊದಲ ಮಹಡಿಯ ಈ ಕೋಣೆಯಲ್ಲಿ ಗೋಡೆಗೊರಗಿ ಚಾಪೆಯ ಮೇಲೆ ಕೂತಿದ್ದೀರಿ. ಶುಭ ಶುಕ್ರವಾರದ ಮರುದಿನ. ಯೇಸುವಿನ ಕೊನೆಯ ದಿನಗಳ ಕಥೆ ಆಡಿಸಲು ಟೀಚರ್ ಮಕ್ಕಳಿಗೆ ಪಾತ್ರಗಳ ಚೀಟಿ ಹಂಚುತ್ತಿದ್ದಾರೆ: ಪಿಲಾತ, ಯೂದ, ಕುರೇನ್ಯದ ಸೀಮೋನ, ಮಗ್ದಲದ ಮರಿಯಳು, ಪೇತ್ರ, ಮಹಾಯಾಜಕನ ಮನೆಯ ಕೆಲಸದ ಹುಡುಗಿ. ಯೇಸುವಿನ ಚೀಟಿ ಇಲ್ಲ. ಅದನ್ನೊಬ್ಬರಿಗೆ ಕೊಟ್ಟರೆ ಮಿಕ್ಕವರೆಲ್ಲ ಬರೀ ಪ್ರೇಕ್ಷಕರಾಗಿಬಿಡುತ್ತಾರೆಂಬುದು ಟೀಚರ್ ಲೆಕ್ಕಾಚಾರ. ಸರಿಯಾಗೇ ಇದೆ.

ಪಿಲಾತ ಸ್ಟೀಲ್ ಜಗ್ಗಿನ ನೀರಲ್ಲಿ ಕೈ ತೊಳೆದು ಬೇಗ ಮುಗಿಸುತ್ತಾನೆ. ಯೂದ 30 ಬೆಳ್ಳಿ ನಾಣ್ಯದ ಬದಲು ಬಾಟಲಿ ಮುಚ್ಚಳ ಎಣಿಸುತ್ತಾನೆ. ಹಳ್ಳಿಯ ಕಡೆಯಿಂದ ಬರುತ್ತಿದ್ದ ಸೀಮೋನನನ್ನು ಸೈನಿಕರು ಹಿಡಿದು ಶಿಲುಬೆ ಹೊರಿಸುತ್ತಾರೆ. "ಕೂಲಿ ಕೊಟ್ರಾ ಮಿಸ್?" ಪೀಣ್ಯದಲ್ಲಿ ಲೋಡಿಂಗ್ ಮಾಡುವವರ ಮಕ್ಕಳಿರುವ ಕೋಣೆಯಿದು, ಯಾರೂ ನಗುವುದಿಲ್ಲ. ಟೀಚರ್ ಮಾರ್ಕನ ಸುವಾರ್ತೆ ತೆಗೆದು, ಸೀಮೋನನಿಗೆ ಅಲೆಕ್ಸಾಂದ್ರ, ರೂಫ ಎಂಬ ಮಕ್ಕಳಿದ್ದರೆಂದು ತೋರಿಸುತ್ತಾರೆ. "ಅವ್ರೂ ನಿಂತು ನೋಡ್ತಿದ್ರಾ?" "ನೀನೇ ಹೇಳು," ಅನ್ನುತ್ತಾರೆ.

ಪೇತ್ರನ ಚೀಟಿ ಬಂದದ್ದು ಕಲಬುರಗಿ ಕಡೆಯ ಹುಡುಗನಿಗೆ. ಮೊಬೈಲ್ ಟಾರ್ಚಿನ ಮೇಲೆ ಕೆಂಪು ದುಪಟ್ಟ ಹೊದಿಸಿದ ಬೆಂಕಿಗೆ ಅವನು ಕೈ ಕಾಯಿಸುತ್ತಾನೆ.

"ನೀನೂ ಅವ್ರ ಜೊತೆ ಇದ್ದವನೇ ಅಲ್ವಾ?" ಕೆಲಸದ ಹುಡುಗಿ ಕೇಳುತ್ತಾಳೆ.

"ನಾ ಅಲ್ರೀ. ಆ ಮನಷ್ಯಾ ಯಾರೋ ನನಗ ಗೊತ್ತಿಲ್ರೀ."

ಮತ್ತಾಯನ ಪ್ರಕಾರ ಪೇತ್ರನನ್ನು ಹಿಡಿದುಕೊಟ್ಟದ್ದು ಅವನ ಮಾತಿನ ಧಾಟಿ. ಯೆರೂಸಲೇಮಿನ ಅಂಗಳದಲ್ಲಿ ಉತ್ತರದ ಗಲಿಲಾಯದ ನುಡಿ ಬಚ್ಚಿಟ್ಟುಕೊಳ್ಳುವುದು ಸುಲಭವೇ? ಟೀಚರ್ ಇದನ್ನು ಓದುತ್ತಲೇ ಕೋಣೆ ಗೊಳ್ಳೆನ್ನುತ್ತದೆ. ಹುಡುಗ ತಲೆ ತಗ್ಗಿಸುತ್ತಾನೆ. ಮೂರನೇ ಸಲ ಉತ್ತರ ಬರುವುದು ಅಪ್ಪಟ ಬೆಂಗಳೂರಿನ ಕನ್ನಡದಲ್ಲಿ: "ನಂಗೊತ್ತಿಲ್ಲ ಕಣ್ರೀ, ಬಿಡ್ರಿ." ಆಗ ಕೂಗಬೇಕಿದ್ದ ಹುಂಜದ ಪಾತ್ರದ ಪುಟಾಣಿ ಕೂಗುವುದನ್ನೇ ಮರೆತಿದ್ದಾಳೆ.

"ಚೆನ್ನಾಗಿ ಮಾತು ಬದಲಾಯಿಸಿದೆಯಲ್ಲೋ," ಎನ್ನುತ್ತಾರೆ ಟೀಚರ್.

"ಸಾಲ್ಯಾಗ ದಿನಾ ಹಿಂಗ ಮಾಡ್ತೀನ್ರೀ ಮಿಸ್."

ಆಟದಲ್ಲಿ ಭಾನುವಾರದ ಬೆಳಗು ಬರುತ್ತದೆ. ಸಮಾಧಿಯ ಕಲ್ಲನ್ನು ಯಾರು ಉರುಳಿಸಿಕೊಡುತ್ತಾರೆಂದು ಚಿಂತಿಸುತ್ತ ಹೋದ ಹೆಂಗಸರಿಗೆ ಅದು ಆಗಲೇ ಉರುಳಿದ್ದು ಕಾಣುತ್ತದೆ. ದೂತ ಹೇಳಿದ್ದನ್ನು ಮರಿಯಳು ಏದುಸಿರಲ್ಲಿ ತಂದು ಒಪ್ಪಿಸುತ್ತಾಳೆ: ಶಿಷ್ಯರಿಗೆ ಹೇಳಬೇಕಂತೆ, ಪೇತ್ರನಿಗೂ ಹೇಳಬೇಕಂತೆ. ಮಾರ್ಕನಲ್ಲಿ ಹಾಗೇ ಇದೆ, ಬೇರೆ ಯಾವ ಶಿಷ್ಯನ ಹೆಸರೂ ಅಲ್ಲಿಲ್ಲ.

ಮೂಲೆಯಲ್ಲಿದ್ದ ಹುಡುಗ ಎದ್ದು ನಿಲ್ಲುತ್ತಾನೆ. "ಖರೇನs? ನನ್ನ ಹೆಸರ ತಗೊಂಡಾರೇನ?"

ಉತ್ತರಕ್ಕೆ ಕಾಯದೆ ಬಾಗಿಲು ದಾಟಿ, ಮೆಟ್ಟಿಲು ಧಡಧಡ ಇಳಿದು ಬೀದಿಗೇ ಓಡುತ್ತಾನೆ. ಟೀಚರ್ ಕಿಟಕಿಯಿಂದ ಬಗ್ಗಿ ಕೂಗುತ್ತಾರೆ: "ಏಯ್, ಸಮಾಧಿ ಇಲ್ಲೇ ಇದೆ ಕಣೋ, ಬೆಂಚಿನ ಕೆಳಗೆ!"