ಕಿರುಬೆರಳಿನ ನೆನಪು

ಮೂಡುಬಿದಿರೆಯ ನಮ್ಮ ಮನೆಗೆ ಮ್ಯಾಕ್‌ಬುಕ್ ಬಂದು ತಿಂಗಳಾಯಿತು. ಇಪ್ಪತ್ತು ವರ್ಷ ವಿಂಡೋಸ್‌ನಲ್ಲಿ ದುಡಿದ ಎಡಗೈಯ ಕಿರುಬೆರಳು ಇನ್ನೂ ಮೂಲೆಯ ಕಂಟ್ರೋಲ್ ಕೀಲಿಗೇ ಓಡುತ್ತದೆ. ಇಲ್ಲಿ ಕಾಪಿಗೂ ಪೇಸ್ಟಿಗೂ ಒತ್ತಬೇಕಾದ್ದು ಸ್ಪೇಸ್ ಬಾರಿನ ಪಕ್ಕದ ಕಮಾಂಡನ್ನು, ಅದೂ ಹೆಬ್ಬೆರಳಿನಿಂದ. ಟ್ರ್ಯಾಕ್‌ಪ್ಯಾಡಿನಲ್ಲಿ ಬೆರಳು ಕೆಳಗೆ ಎಳೆದರೆ ಪುಟವೂ ಕೆಳಗೇ ಜಾರುತ್ತದೆ. ನನ್ನ ಹಳೆಯ ಮೌಸಿನ ಚಕ್ರಕ್ಕೆ ತದ್ವಿರುದ್ಧ. 2011ರಿಂದ ಆಪಲ್‌ನವರು ಇದನ್ನು ‘ನ್ಯಾಚುರಲ್’ ಎನ್ನುತ್ತಾರೆ. ಯಾರಿಗೆ ಸಹಜ?

ಬೆಳ್ತಂಗಡಿಯಿಂದ ಬಂದಿದ್ದ ಅಕ್ಕನ ಮಗಳು, “ಅಷ್ಟಕ್ಕೆ ಎಂತ ಬೇಜಾರು ಮಾವ, ಸೆಟ್ಟಿಂಗ್ಸಿನಲ್ಲಿ ಬದಲಾಯಿಸ್ಲಿಕ್ಕೆ ಆಗ್ತದಲ್ಲ” ಎಂದು ಎರಡೇ ನಿಮಿಷದಲ್ಲಿ ಸರಿಮಾಡಿ, ಹಲಸಿನ ಹಪ್ಪಳದ ಡಬ್ಬಿ ಹುಡುಕುತ್ತ ಒಳಗೆ ಹೋದಳು.

ಕನ್ನಡ ಬರೆಯಲು ಕೂತಾಗ ಬೇರೆಯೇ ಸಂಕಟ. ಮ್ಯಾಕ್‌ನಲ್ಲಿ ಸಿಕ್ಕಿದ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ‘ತ’ ಇರುವುದು ಎಲ್ ಕೀಲಿಯಲ್ಲಿ, ‘ರ’ ಇರುವುದು ಜೆಯಲ್ಲಿ. ನಾನು ಟೈಪಿಂಗ್ ಕಲಿತದ್ದು ಬಂಟ್ವಾಳದ ಬಿ.ಸಿ. ರೋಡಿನ ಡಿಟಿಪಿ ಅಂಗಡಿಯಲ್ಲಿ, ಮದುವೆ ಕಾಗದ, ನೇಮೋತ್ಸವದ ಆಮಂತ್ರಣ ಬಡಿಯುತ್ತ, ನುಡಿ ತಂತ್ರಾಂಶದಲ್ಲಿ. ಅದರ ಕೀಲಿಮಣೆ ರೂಪಿಸಿದವರು ನಮ್ಮ ಜಿಲ್ಲೆಯವರೇ, ಕಿನ್ನಿಕಂಬಳ ಪದ್ಮನಾಭ ರಾವ್, ಎಲ್ಲರ ಬಾಯಲ್ಲಿ ಕೆ.ಪಿ. ರಾವ್. ಕನ್ನಡದ ವರ್ಣಮಾಲೆಯನ್ನು ಅವರು ಇಂಗ್ಲಿಷ್ ಕೀಲಿಗಳ ಮೇಲೆ ಹೇಗೆ ಕೂರಿಸಿದರು ನೋಡಿ. ಕೆ ಒತ್ತಿದರೆ ‘ಕ’, ಶಿಫ್ಟ್ ಹಿಡಿದರೆ ಅದೇ ಕೀಲಿಯಲ್ಲಿ ಮಹಾಪ್ರಾಣ ‘ಖ’. ‘ತ’ ಟಿಗೆ ಹೋದ ಮೇಲೆ ‘ಟ’ಕ್ಕೆ ಜಾಗ ಬೇಕಲ್ಲ? ಕನ್ನಡಕ್ಕೆ ಬೇಡವಾಗಿದ್ದ ಕ್ಯೂ ಅದಕ್ಕೆ ಸಿಕ್ಕಿತು, ‘ಡ’ಕ್ಕೆ ಡಬ್ಲ್ಯೂ. ಒತ್ತಕ್ಷರಕ್ಕೆ ನಡುವೆ ಒಂದು ಎಫ್. ಎ, ಕೆ, ಎಫ್, ಕೆ ಎಂದು ನಾಲ್ಕು ಸಲ ಬಡಿದರೆ ‘ಅಕ್ಕ’. ಇಷ್ಟು ಹೇಳಿಕೊಟ್ಟರೆ ಸಂಜೆಯೊಳಗೆ ಯಾರು ಬೇಕಾದರೂ ಕಲಿಯುತ್ತಾರೆ. ನಾನು ಹಾಗೇ ಕಲಿತೆ. ಕರ್ನಾಟಕ ಸರಕಾರ ಒಪ್ಪಿದ ವಿನ್ಯಾಸವೂ ಇದೇ.

ಕಂಟ್ರೋಲ್ ಬಿಟ್ಟು ಕಮಾಂಡಿಗೆ ಹೋಗು ಎಂದರೆ ನನ್ನ ಬೆರಳು ಇವತ್ತಲ್ಲ ನಾಳೆ ಒಪ್ಪುತ್ತದೆ. ಅದು ಯಂತ್ರದ ಮಾತು. ‘ಅಕ್ಕ’ ಬರೆಯುವ ದಾರಿ ಮಾತ್ರ ನನ್ನ ಭಾಷೆಗೆ ಸೇರಿದ್ದು. ಕಂಪ್ಯೂಟರ್ ಬದಲಾದಾಗಲೆಲ್ಲ ಅದನ್ನು ಮರೆತು ಹೊಸದಾಗಿ ಕಲಿಯಬೇಕೆನ್ನುವುದು ತಪ್ಪು.

ಲಿನಕ್ಸ್‌ನ ಕೀಲಿಮಣೆಗಳ ಪಟ್ಟಿಯಲ್ಲಿ ಕಗಪ ಎಂಬ ಹೆಸರಿನಲ್ಲಿ ಕೆ.ಪಿ. ರಾವ್ ವಿನ್ಯಾಸ ಸಿದ್ಧವಾಗಿಯೇ ಇದೆ. ಮ್ಯಾಕ್‌ನಲ್ಲಾದರೆ ಅಂಥ ವಿನ್ಯಾಸದ ಕಡತವನ್ನು ಲೈಬ್ರರಿಯೊಳಗಿನ ‘ಕೀಬೋರ್ಡ್ ಲೇಔಟ್ಸ್’ ಫೋಲ್ಡರಿಗೆ ಹಾಕಿ ಒಮ್ಮೆ ಲಾಗೌಟ್ ಮಾಡಬೇಕು. ಹೊಸ ಕಂಪ್ಯೂಟರ್ ಕೊಂಡವರು ಟ್ರ್ಯಾಕ್‌ಪ್ಯಾಡ್ ಸರಿಮಾಡುವ ಮೊದಲು ಇದೊಂದನ್ನು ಮಾಡಿಕೊಳ್ಳಿ.